ದವಡೆಯಲ್ಲಿ ಮೂರು ನಾಲೆ

ಮಂಡ್ಯ ಸೀಮೆಯಲ್ಲಿ ಹುಟ್ಟಿ, ಕಬ್ಬು ಸಿಗಿಯಲು ಹೋಗಿ ಹಲ್ಲು ಮುರಿದುಕೊಂಡವನು ನಾನೊಬ್ಬನೇ ಇರಬೇಕು. ಹೋದ ಸಂಕ್ರಾಂತಿಗೆ ಊರಲ್ಲಿದ್ದೆ. ಮಕ್ಕಳೆಲ್ಲ ಜಗಲಿ ಮೇಲೆ ಕೂತು, ಮಚ್ಚಿನಲ್ಲಿ ತುಂಡು ಮಾಡಿಕೊಟ್ಟ ಕಬ್ಬು ಜಗಿಯುತ್ತಿದ್ದವು. "ನಮ್ ಕಾಲದಲ್ಲಿ ಮಚ್ಚೇ ಮುಟ್ತಿರಲಿಲ್ಲ ಕಣ್ರೋ" ಎಂದು ಒಂದು ಜಲ್ಲೆ ಎತ್ತಿ ಬಾಯಿ ಹಾಕಿದೆ. ಹಾಕಿದ್ದು ಗಿಣ್ಣಿಗೆ. ಕಟಕ್ ಎಂದಿತು. ಉಗಿದದ್ದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದೆ.

"ಏನ್ಲಾ, ಗಿಣ್ಣಾ?" ಅಪ್ಪ ಕೇಳಿದ.

"ಹಲ್ಲು ಕಣಪ್ಪ."

ಅಪ್ಪನಿಗೆ 78. ಇವತ್ತಿಗೂ ಹಲ್ಲಲ್ಲೇ ಕಬ್ಬು ಸಿಗಿಯುತ್ತಾನೆ. ಏನೂ ಮಾತಾಡದೆ ನನ್ನನ್ನೇ ನೋಡಿದ. ಬೈದಿದ್ದರೆ ವಾಸಿಯಿತ್ತು.

ನಿಜ ಹೇಳಬೇಕೆಂದರೆ ಕಬ್ಬಿನ ತಪ್ಪಲ್ಲ. ಎಡದವಡೆಯ ಆ ಹಲ್ಲು ಎರಡು ವರ್ಷದಿಂದ ಹುಳುಕಾಗಿತ್ತು. ಕಾಫಿ ತಗುಲಿದರೆ ಜುಂ ಎನ್ನುತ್ತಿತ್ತು, ನಾನು ಬಲಗಡೆಯೇ ಅಗಿದುಕೊಂಡು ಸಂಸಾರ ತೂಗಿಸಿದ್ದೆ.

ರಾತ್ರಿ ಶುರುವಾಯಿತು. ಕೂತರೆ ಹೇಗೋ ತಡೆಯಬಹುದು, ಮಲಗಿದರೆ ಹಲ್ಲಿನೊಳಗೆ ಯಾರೋ ಭತ್ತ ಕುಟ್ಟಿದ ಹಾಗೆ. ಹಲ್ಲಿನ ಹೊಟ್ಟೆಯೊಳಗೆ ನರ, ರಕ್ತನಾಳ ತುಂಬಿದ ಮೆತ್ತನೆಯ ತಿರುಳಿರುತ್ತದೆ. ಮೈಯಲ್ಲಿ ಬೇರೆಲ್ಲಾದರೂ ಬಾವು ಬಂದರೆ ಊದಿಕೊಳ್ಳಲು ಜಾಗವುಂಟು. ಇಲ್ಲಿ ಸುತ್ತ ಕಲ್ಲಿನಂಥ ಗೋಡೆ, ಊದುವುದೆಲ್ಲಿಗೆ? ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡವೂ ಏರಿ ನೋವು ಇನ್ನಷ್ಟು ಮಿಡಿಯುತ್ತದೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ಗೊತ್ತಿದ್ದದ್ದು ಅವ್ವ ಕೊಟ್ಟ ಲವಂಗವೊಂದೇ. ಅದನ್ನು ಹಲ್ಲಿಗಿಟ್ಟುಕೊಂಡು ಬೆಳಗಿನವರೆಗೆ ಜಗಲಿಯಲ್ಲಿ ಗೂಬೆಯಂತೆ ಕೂತಿದ್ದೆ. (ಲವಂಗದೊಳಗಿನ ಯೂಜಿನಾಲ್ ಎಂಬ ಎಣ್ಣೆಯನ್ನು ಹಲ್ಲಿನ ಡಾಕ್ಟರುಗಳೂ ಬಳಸುತ್ತಾರೆ. ಇದನ್ನು ಅವ್ವನಿಗೆ ಹೇಳಿ ತಪ್ಪು ಮಾಡಿದೆ.)

ಬೆಳಿಗ್ಗೆ ಮಂಡ್ಯದ ಕ್ಲಿನಿಕ್ಕಿಗೆ ಅಪ್ಪನೂ ಬೈಕಿನ ಹಿಂದೆ ಕೂತು ಬಂದ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಎಕ್ಸ್‌ರೇ ನೋಡಿ, "ಕೀಳೋದು ಬೇಡ, ರೂಟ್ ಕೆನಾಲ್ ಮಾಡಿ ಉಳಿಸ್ಕೊಳ್ಳೋಣ" ಎಂದರು.

ಕೆನಾಲ್ ಎಂದಿದ್ದೇ ತಡ ಅಪ್ಪನ ಕಿವಿ ನೆಟ್ಟಗಾಯಿತು. ವಿಶ್ವೇಶ್ವರಯ್ಯ ನಾಲೆಯನ್ನು ಇವತ್ತಿಗೂ ಇರ್ವಿನ್ ನಾಲೆ ಎನ್ನುವ ಮನುಷ್ಯ. "ಹೂಳೆತ್ತದಾ ಮಗಾ?"

"ಹೂಳೆತ್ತೋದೇ ಯಜಮಾನ್ರೇ. ಈ ಹಲ್ಲಿಗೆ ಎರಡು ಬೇರು, ಮೂರು ನಾಲೆ. ಕೆಲವರಿಗೆ ನಾಲ್ಕೂ ಇರ್ತವೆ."

"ಇಷ್ಟಗಲದ ಹಲ್ಗೆ ಮೂರು ನಾಲೆ! ನಮ್ಮೂರ್ಗೆ ಒಂದೂ ನೆಟ್ಗಿಲ್ಲ."

ಇಂಜೆಕ್ಷನ್ ಬಿತ್ತು. ಐದು ನಿಮಿಷಕ್ಕೆ ಎಡತುಟಿ ಪಕ್ಕದ ಮನೆಯವರದ್ದಾಯಿತು. ಹಲ್ಲಿನ ನೆತ್ತಿ ಕೊರೆದು, ಕೆಟ್ಟ ತಿರುಳನ್ನು ತೆಗೆಯಲು ಸೂಜಿಯಂಥ ಫೈಲುಗಳು ಬಂದವು. ಬಿಳಿ ಹಿಡಿಯದ್ದು ತುದಿಯಲ್ಲಿ 0.15 ಮಿ.ಮೀ., ಹಳದಿಯದ್ದು 0.20, ಕೆಂಪಿನದ್ದು 0.25. ಒಂದಾದ ಮೇಲೊಂದು ದಪ್ಪದ್ದು ಹಾಕಿ ನಾಲೆ ಅಗಲ ಮಾಡುವುದು, ನಡುನಡುವೆ ಬ್ಲೀಚಿನ ಜಾತಿಯ ನೀರು ಬಿಟ್ಟು ತೊಳೆಯುವುದು. ಫೈಲು ಬೇರಿನ ತುದಿ ಸಮೀಪಿಸಿದಂತೆ ಪಕ್ಕದ ಮೆಷಿನ್ನು ಪೀಪೀ ಎನ್ನುತ್ತಿತ್ತು.

ಮೂಲೆಯ ಸ್ಟೂಲಿನಿಂದ ಪ್ರಶ್ನೆ ಬಂತು. "ಕೊನೆ ಭಾಗಕ್ಕೆ ಮುಟ್ತಾ ಮಗಾ?"

"ಕೊನೇದು ಅರ್ಧ-ಒಂದು ಮಿಲ್ಲಿಮೀಟರ್ ಬಿಡ್ತೀವಿ, ಬೇರು ದಾಟಿ ಹೋಗಬಾರದಲ್ಲ."

"ಎಲ್ಲಾ ಇಂಜಿನಿಯರ್ಗಳೂ ಹಿಂಗೇ ಅನ್ನದು."

ನನಗೆ ನಗು ಬಂತು. ಬಾಯಿ ತುಂಬ ಸಾಮಾನಿಟ್ಟುಕೊಂಡು ನಗುವುದು ಹೇಗೆ? ಮೂಗಿನಿಂದ ಬಂದ ಸದ್ದನ್ನು ನೋವೆಂದು ತಿಳಿದ ಡಾಕ್ಟರು ಇನ್ನೊಂದು ಇಂಜೆಕ್ಷನ್ ಚುಚ್ಚಿದರು. ಹೊರಗೆ ಬಂದು, ಬೇಡವೆಂದರೂ ಕೇಳದೆ ಕುಡಿದ ಕಾಫಿಯಲ್ಲಿ ಅರ್ಧ ಶರಟಿಗೆ ಹೋಯಿತು. ಹೆಂಡತಿ ಫೋನು ಮಾಡಿದಾಗ "ಮುಗೀತು" ಎಂದದ್ದು ಅವಳಿಗೆ ಏನು ಕೇಳಿಸಿತೋ, ಅಳತೊಡಗಿದಳು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಬೇಕಾದ ಹಬ್ಬದ ಮರುದಿನ.

ವಾರ ಬಿಟ್ಟು ಹೋದಾಗ ನಾಲೆಗಳಿಗೆ ಗಟ್ಟಾಪರ್ಚಾ ತುಂಬಿದರು. ಮಲಯ ಕಡೆಯ ಮರದ ಹಾಲಿನಿಂದ ಬರುವ ರಬ್ಬರಿನಂಥ ವಸ್ತು. 19ನೇ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗೆ ಸುತ್ತುತ್ತಿದ್ದದ್ದೂ ಇದೇ. ಅಪ್ಪನಿಗೆ ಮಾತ್ರ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಅಷ್ಟು ಕಷ್ಟಪಟ್ಟು ಹೂಳೆತ್ತಿ ಮತ್ತೆ ಮುಚ್ಚದಾ?" ಸಂದು ಉಳಿದರೆ ಕ್ರಿಮಿ ಮತ್ತೆ ಮನೆ ಮಾಡುತ್ತವೆ ಎಂದು ಡಾಕ್ಟರು ಎಷ್ಟು ಬಿಡಿಸಿ ಹೇಳಿದರೂ, ನೀರು ಹರಿಯದ್ದಕ್ಕೆ ನಾಲೆ ಎಂದು ಹೆಸರಿಟ್ಟವರ ಮೇಲೆ ಅವನ ಸಿಟ್ಟು ಇಳಿಯಲಿಲ್ಲ. ಅಷ್ಟು ಕೊರೆದ ಹಲ್ಲು ಅಗಿಯುವ ಭಾರಕ್ಕೆ ಸೀಳಿಹೋಗಬಾರದೆಂದು ಕೊನೆಗೆ ಕ್ಯಾಪೂ ಆಯಿತು. ಬಿಲ್ಲು ನೋಡಿ ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. "ಎರಡು ಟನ್ ಕಬ್ಬು, ಮ್ಯಾಲೆ ಚಿಲ್ರೆ."

ಈ ಸಂಕ್ರಾಂತಿಗೆ ಮತ್ತೆ ಜಗಲಿ, ಮತ್ತೆ ಕಬ್ಬು. ನಾನು ಮೊಬೈಲ್ ನೋಡುವವನಂತೆ ದೂರ ಕೂತಿದ್ದೆ. ಅಪ್ಪ ಹಲ್ಲಲ್ಲೇ ಸಿಪ್ಪೆ ಸಿಗಿದು, ಮೊದಲ ತುಂಡು ಮೊಮ್ಮಗಳಿಗೆ ಕೊಟ್ಟ. ಎರಡನೆಯದನ್ನು ನನ್ನ ಕಡೆ ಚಾಚಿದ.

"ಗಿಣ್ಣು ತೆಗ್ದಿವ್ನಿ. ತಿನ್ನು."