ಒಂದು ಸೈಡಿಗೆ 45 ನಿಮಿಷ

ಅಕ್ಕನ ಮಗನಿಗೆ ಮಿಕ್ಸ್‌ಟೇಪ್ ಮಾಡಿಕೊಡ್ತೀನಿ ಅಂತ ಬಾಯಿತಪ್ಪಿ ಹೇಳಿಬಿಟ್ಟೆ. ಈಗೆಲ್ಲಿಯ ಟೇಪು, ಹಾಡುಗಳನ್ನು ಒಂದೇ ಫೈಲಾಗಿ ಜೋಡಿಸಿ ಕಳಿಸಿದರಾಯಿತು. ಆದರೂ ಸಿ-90 ಕ್ಯಾಸೆಟ್ಟಿನ ಲೆಕ್ಕವನ್ನೇ ಇಟ್ಟುಕೊಂಡೆ. ಸೈಡಿಗೆ 45 ನಿಮಿಷ, ಅಷ್ಟೇ. ಮಿತಿ ಇಲ್ಲದಿದ್ದರೆ ನಾನು ಒಂದು ಹಾಡನ್ನೂ ಬಿಡುವವನಲ್ಲ.

ಮೊದಲು ಹೊರಬಿದ್ದಿದ್ದು ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತದ ತಂಡ ಕ್ರಾಫ್ಟ್‌ವರ್ಕ್‌ನವರ 1974ರ 'ಆಟೋಬಾನ್'. 22 ನಿಮಿಷ ದಾಟುತ್ತದೆ, ಅರ್ಧ ಸೈಡು ಗುಳುಂ. ಆ ಜಾಗಕ್ಕೆ ಮುಂಬೈಯ ಚರಣ್‌ಜಿತ್ ಸಿಂಗ್ ಬಂದರು. ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಮನುಷ್ಯ, 1982ರಲ್ಲಿ ರೋಲ್ಯಾಂಡ್ ಕಂಪನಿಯ ಸಿಂಥಸೈಸರು, ಡ್ರಮ್ ಮೆಷಿನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಭೈರವ್ ಹಾಕಿದಾಗ, ಒಂದು ಕಾಲಕ್ಕೆ ಸಂಗೀತದ ಪಾಠಕ್ಕೆ ಹೋಗಿದ್ದ ಅಮ್ಮ ಅಡುಗೆಮನೆಯಿಂದಲೇ, "ಏನೋ ಅದು, ಮಾಯಾಮಾಳವಗೌಳಕ್ಕೆ ಜ್ವರ ಬಂದಿದ್ಯಾ?" ಅಂದಳು. ಕರ್ನಾಟಕ ಸಂಗೀತದಲ್ಲಿ ಭೈರವ್ ರಾಗಕ್ಕೆ ಅದೇ ಜೋಡಿ.

ಕಷ್ಟ ಇರೋದು ಹಾಡು ಆರಿಸೋದರಲ್ಲಲ್ಲ, ಬೆಸುಗೆಯಲ್ಲಿ. ಇಷ್ಟು ಓಡುವ ಯಂತ್ರದ ಪಕ್ಕ ಗಿಟಾರಿನ ಇಂಡೀ (ಸ್ವತಂತ್ರ ತಂಡದ) ಹಾಡು ಕೂರಿಸಿದರೆ ಎರಡೂ ಕೆಡುತ್ತವೆ. ಆಗ ಕೈಹಿಡಿಯೋದು ಡಬ್ ಅನ್ನೋ ಸಂಗೀತ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ, 70ರ ದಶಕದಲ್ಲಿ ರೆಕಾರ್ಡ್ ಆದ ಹಾಡಿನಿಂದ ಗಾಯಕನನ್ನೇ ಎತ್ತಿ ಪಕ್ಕಕ್ಕಿಟ್ಟ. ಉಳಿದಿದ್ದು ಡ್ರಮ್ಮು, ಬೇಸು. ನಡುವೆ ಒಂದು ಪದ ಬಾವಿಗೆ ಕೂಗಿದ ಹಾಗೆ ಮೊಳಗಿ, ಮೊಳಗಿ, ಮುಳುಗುತ್ತದೆ. ಇಂಥವು ರೆಕಾರ್ಡಿನ ಬಿ ಸೈಡಿನಲ್ಲಿ ಬರುತ್ತಿದ್ದವು, ಒಂದೇ ಹಾಡಿಗೆ ಎರಡು ಬೆಳೆ! ಆದರೆ ಆ ಖಾಲಿ ಜಾಗದೊಳಗೆ ಯಾರನ್ನು ಬೇಕಾದರೂ ಕರೆದು ಕೂರಿಸಬಹುದು. ನಾನು ಜಮೈಕಾದವನೇ ಆದ ಆಗಸ್ಟಸ್ ಪಾಬ್ಲೊನ ಮೆಲೋಡಿಕಾ ಹಾಕಿದೆ, ಬಾಯಲ್ಲಿ ಊದುತ್ತಾ ಬೆರಳಲ್ಲಿ ನುಡಿಸುವ ವಾದ್ಯ, ಕಣ್ಣು ಮುಚ್ಚಿದರೆ ಭಜನೆಯ ಹಾರ್ಮೋನಿಯಂ ಸಂಬಂಧಿಕನೇ. ಅದರ ಬಾಲಕ್ಕೆ ರಘು ದೀಕ್ಷಿತ್ ಹಾಡಿದ ಶರೀಫರ ಗುಡುಗುಡಿ. ಡಬ್‌ನ ಬೇಸು ಮೊದಲೇ ಗುಡುಗುಡು ಅಂತಿತ್ತು, ಅಂಟು ಕಾಣಲೇ ಇಲ್ಲ. ಸುಮ್ನೆ ಹೇಳ್ತಿಲ್ಲ, ಒಬ್ಬನೇ ಕೂತು ಚಪ್ಪಾಳೆ ಹೊಡೆದೆ.

ಎ ಸೈಡಿನ ಕೊನೆಗೆ ಒಂದೂವರೆ ನಿಮಿಷ ಮಿಕ್ಕಿತು. ಅಷ್ಟು ಚಿಕ್ಕ ಹಾಡು ಸಿಗದೆ ಖಾಲಿ ಬಿಟ್ಟೆ. ರಾತ್ರಿ ಹುಡುಗನ ಫೋನು: "ಮಾವ, ಫೈಲು ಮಧ್ಯದಲ್ಲಿ ಕೆಟ್ಟಿದೆ, ಸೌಂಡೇ ಇಲ್ಲ."

"ಅದು ತಿರುಗಿಸಿ ಹಾಕೋ ಹೊತ್ತು ಕಣೋ."

"ಏನನ್ನ ಮಾವ?"