ಗಾರ್ಡಿನಾಲ್ ಮಾತ್ರೆಯ ಮೇಲೆ ಇಷ್ಟೇಕೆ ಕೋಪ?

‘ಅದು ಹಳೆಯ ಕಾಲದ ವಿಷ, ಮಕ್ಕಳ ಬುದ್ಧಿಯನ್ನು ಮಂಕು ಮಾಡುತ್ತದೆ, ಇವತ್ತೇ ನಿಲ್ಲಿಸಿ’ ಎಂಬ ಸಂದೇಶವೊಂದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ. ಗಾರ್ಡಿನಾಲ್ ಎಂಬ ಹೆಸರಿನಲ್ಲಿ ಸಿಗುವ, ಮೂರ್ಛೆರೋಗದ ಫಿಟ್ಸ್ ತಡೆಯುವ ಫಿನೋಬಾರ್ಬಿಟೋನ್ ಬಗ್ಗೆ. ತಾಲ್ಲೂಕು ಕೇಂದ್ರವೊಂದರಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನನಗೆ ಅದರ ಮೊದಲೆರಡು ಮಾತುಗಳ ಮೇಲೆ ಅಷ್ಟು ಸಿಟ್ಟಿಲ್ಲ, ಅವುಗಳಲ್ಲಿ ಅರೆಬರೆ ನಿಜವಿದೆ. ಸಿಟ್ಟಿರುವುದು ಮೂರನೆಯದರ ಮೇಲೆ. ಆ ಮಾತು ನಂಬಿದವರ ಜೀವಕ್ಕೇ ಎರವಾಗಬಹುದು ಎಂಬ ಪರಿವೆ ಬರೆದವನಿಗೆ ಇದ್ದಂತಿಲ್ಲ.

ಹಳೆಯದು ನಿಜ. 1912ರಲ್ಲಿ ಜರ್ಮನಿಯ ಬೇಯರ್ ಕಂಪನಿ ಇದನ್ನು ಲೂಮಿನಾಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟದ್ದು ನಿದ್ರೆ ಬರಿಸುವ ಔಷಧಿಯಾಗಿ. ಅದೇ ವರ್ಷ ಆಲ್ಫ್ರೆಡ್ ಹೌಪ್ಟ್‌ಮನ್ ಎಂಬ ಯುವ ವೈದ್ಯ ಇದನ್ನು ಮೂರ್ಛೆರೋಗಿಗಳಿಗೆ ಕೊಟ್ಟು ನೋಡಿದಾಗ ಅವರ ಫಿಟ್ಸ್ ಕಡಿಮೆಯಾದದ್ದು ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಇದ್ದದ್ದು ಬ್ರೋಮೈಡ್, ಅದನ್ನು ಕುಡಿದವರಿಗೆ ಮೈತುಂಬ ಗುಳ್ಳೆ, ಸದಾ ಮಂಪರು. ಹೌಪ್ಟ್‌ಮನ್ ಯೆಹೂದಿ. ಮುಂದೆ ನಾಜಿಗಳ ಕಾಟಕ್ಕೆ ದೇಶ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು. ಆತ ಕಂಡುಕೊಂಡ ಉಪಯೋಗ ಮಾತ್ರ ಇಂದಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ.

ನಮ್ಮವರಿಗೆ ದೂರದ ಜರ್ಮನಿ ಬೇಡವೆಂದರೆ ಯಳಂದೂರು ಇದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳಲ್ಲಿ ಮೂರ್ಛೆರೋಗಿಗಳನ್ನು ಹುಡುಕಿ, ಫಿನೋಬಾರ್ಬಿಟೋನ್ ಅಥವಾ ಫಿಟ್ಸ್‌ನ ಇನ್ನೊಂದು ಔಷಧಿ ಫೆನಿಟಾಯಿನ್ ಕೊಟ್ಟು, ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿಕೊಂಡರು. 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಸ್ಕ್ಯಾನಿಂಗ್ ಯಂತ್ರವಿಲ್ಲದ ಊರಲ್ಲೂ ಅಗ್ಗದ ಮಾತ್ರೆಯಿಂದ ಹಲವರ ಫಿಟ್ಸ್ ಹತೋಟಿಗೆ ಬರುತ್ತದೆ ಎಂದು ತೋರಿಸಿಕೊಟ್ಟ ಕೆಲಸ ಅದು. ಕೈಗೆ ಬೀಗದ ಕೈ ಕೊಟ್ಟು, ಮೂಗಿಗೆ ಚಪ್ಪಲಿ ಹಿಡಿಯುವ ಜನರ ನಡುವೆ ಇದು ಸಣ್ಣ ಸಾಧನೆಯಲ್ಲ.

ಹಾಗೆಂದು ಇದು ಸಾಧು ಔಷಧಿ ಎಂದು ನಾನು ಹೇಳುತ್ತಿಲ್ಲ. ಮಿದುಳಿನ ನರಕೋಶಗಳ ಅಬ್ಬರವನ್ನು ತಗ್ಗಿಸಲು ಗಾಬಾ ಎಂಬ ರಾಸಾಯನಿಕವಿದೆ. ಅದು ನರಕೋಶದಲ್ಲಿ ತೆರೆಯುವ ಬಾಗಿಲನ್ನು ಬಾರ್ಬಿಟುರೇಟ್‌ಗಳು, ಅಂದರೆ ಫಿನೋಬಾರ್ಬಿಟೋನ್ ಸೇರಿದ ಕುಲದ ಔಷಧಿಗಳು, ಹೆಚ್ಚು ಹೊತ್ತು ತೆರೆದೇ ಇಡುತ್ತವೆ. ಪ್ರಮಾಣ ಮೀರಿದರೆ ಗಾಬಾದ ಹಂಗೂ ಇಲ್ಲದೆ ತಾವೇ ಬಾಗಿಲು ತೆರೆದುಬಿಡುತ್ತವೆ. ಆಗ ಫಿಟ್ಸ್ ಮಾತ್ರವಲ್ಲ, ಉಸಿರೂ ತಗ್ಗುತ್ತದೆ. ಮದ್ಯ ಜೊತೆಗೂಡಿದರಂತೂ ಕೇಳುವುದೇ ಬೇಡ. ಒಂದು ಕಾಲಕ್ಕೆ ಇದೇ ಕುಲದ ಮಾತ್ರೆಗಳನ್ನು ಜನ ನಿದ್ರೆಗೆಂದು ನುಂಗುತ್ತಿದ್ದರು. 1962ರಲ್ಲಿ ಮರ್ಲಿನ್ ಮನ್ರೋ ತೀರಿಕೊಂಡದ್ದು ಇಂಥದ್ದೇ ಔಷಧಿಯ ಅತಿಸೇವನೆಯಿಂದ. ತೀವ್ರ ನಿಗಾ ಘಟಕದಲ್ಲಿ ಯಾವ ಮದ್ದಿಗೂ ಬಗ್ಗದ ಫಿಟ್ಸ್‌ಗೆ ಇದೇ ಕುಲದ ಥಯೋಪೆಂಟೋನ್ ಕೊಡುವಾಗ ವೆಂಟಿಲೇಟರ್ ಪಕ್ಕದಲ್ಲೇ ಇರುವುದೂ ಇದಕ್ಕೇ.

ಬುದ್ಧಿ ಮಂಕಾಗುವ ಮಾತಿಗೆ ಬರುತ್ತೇನೆ. ಜ್ವರ ಬಂದಾಗ ಮಾತ್ರ ಫಿಟ್ಸ್ ಬರುವ ಪುಟ್ಟ ಮಕ್ಕಳಿಗೆ ಇದನ್ನು ದಿನವೂ ಕೊಟ್ಟು ಅಮೆರಿಕದಲ್ಲಿ ಅಧ್ಯಯನ ನಡೆಸಿದ್ದರು. 1990ರಲ್ಲಿ ಬಂದ ವರದಿಯ ಪ್ರಕಾರ ಎರಡು ವರ್ಷದ ನಂತರ ಆ ಮಕ್ಕಳ ಐಕ್ಯೂ ಉಳಿದವರಿಗಿಂತ ಸುಮಾರು 8 ಅಂಶ ಕಡಿಮೆ ಇತ್ತು, ಫಿಟ್ಸ್ ತಡೆಯುವಲ್ಲಿ ಲಾಭವೂ ಕಾಣಲಿಲ್ಲ. ಇಂಥ ಮಕ್ಕಳಿಗೆ ದಿನವೂ ಇದನ್ನು ನುಂಗಿಸುವುದು ತಪ್ಪು, ಒಪ್ಪಿದೆ. ಆದರೆ ಹುಟ್ಟಿದ ಕೆಲವೇ ದಿನದ ಶಿಶುವಿಗೆ ಫಿಟ್ಸ್ ಬಂದರೆ ಲೆಕ್ಕಾಚಾರವೇ ಬೇರೆ. 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಫಿನೋಬಾರ್ಬಿಟೋನ್ ಪಡೆದ ಶಿಶುಗಳಲ್ಲಿ ಶೇ 80ರಷ್ಟಕ್ಕೆ 24 ಗಂಟೆ ಫಿಟ್ಸ್ ಮರುಕಳಿಸಲಿಲ್ಲ. ಹೊಸ ಔಷಧಿ ಲೆವೆಟಿರಾಸಿಟಾಮ್ ಪಡೆದವರಲ್ಲಿ ಶೇ 28 ಮಾತ್ರ. ಸಂದೇಶ ಹರಡುವವರಿಗೆ ಈ ಎರಡನೆಯ ಸುದ್ದಿ ಯಾಕೋ ಸಿಗುವುದೇ ಇಲ್ಲ.

ಈಗ ‘ಇವತ್ತೇ ನಿಲ್ಲಿಸಿ’ ಎಂಬ ಆ ಮೂರನೆಯ ಮಾತು. ಈಚೆಗೆ ತಾಯಿಯೊಬ್ಬರು ಅಂಗಡಿಗೆ ಬಂದು, ಮಡಿಕೆಯಲ್ಲಿ ಹರಿದು ಪ್ಲಾಸ್ಟಿಕ್ ಟೇಪು ಹಚ್ಚಿದ ಚೀಟಿಯನ್ನು ಗಾಜಿನ ಮೇಲೆ ಬಿಡಿಸಿಟ್ಟರು.

‘ಅಣ್ಣಾ, ಈ ಸಲ ಮಾತ್ರೆ ಬೇಡ ಅಂದುಕೊಂಡಿದ್ದೇವೆ. ಮಗ ಈಗ ಚೆನ್ನಾಗಿದ್ದಾನೆ.’

‘ಚೆನ್ನಾಗಿರುವುದು ಮಾತ್ರೆಯಿಂದ ಕಣಮ್ಮ. ಡಾಕ್ಟರನ್ನು ಕೇಳಿದಿರಾ?’

ಕೇಳಿರಲಿಲ್ಲ. ನುಂಗಿದ ಈ ಔಷಧಿಯ ಅರ್ಧದಷ್ಟು ಮೈಯಿಂದ ಹೊರಹೋಗುವುದಕ್ಕೇ ಮೂರು ನಾಲ್ಕು ದಿನ ಬೇಕು. ಹಾಗಾಗಿ ನಿಲ್ಲಿಸಿದ ಮೊದಲ ದಿನಗಳಲ್ಲಿ ಏನೂ ಆಗುವುದಿಲ್ಲ, ‘ನೋಡಿದಿರಾ, ಬೇಕಿರಲಿಲ್ಲ’ ಎಂಬ ಧೈರ್ಯವೂ ಬರುತ್ತದೆ. ಆಮೇಲೆ ಒಂದರ ಮೇಲೊಂದು ಫಿಟ್ಸ್ ಬಂದು ಪ್ರಜ್ಞೆಯೇ ಮರಳದ ಸ್ಥಿತಿಗೆ ಹೋಗಬಹುದು. ಬಿಡಲೇಬೇಕೆಂದರೆ ವೈದ್ಯರ ಕಣ್ಗಾವಲಿನಲ್ಲಿ ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸಬೇಕು.

ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ ಹೇಳುವವರೇ ಕಡಿಮೆ. ಈ ಔಷಧಿ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ. ಗರ್ಭ ನಿಂತರೆ ಮಗುವಿಗೆ ಹುಟ್ಟುದೋಷದ ಅಪಾಯವೂ ಹೆಚ್ಚು. ಮದುವೆ ಗೊತ್ತಾದ ಕೂಡಲೇ ವೈದ್ಯರಲ್ಲಿ ಈ ಮಾತು ಎತ್ತಬೇಕು. ನಮ್ಮಲ್ಲಿ ನಡೆಯುವುದು ತದ್ವಿರುದ್ಧ, ಗಂಡಿನ ಮನೆಯವರಿಗೆ ಗೊತ್ತಾಗಬಾರದೆಂದು ಮಾತ್ರೆಯನ್ನೇ ಬಚ್ಚಿಡುತ್ತಾರೆ, ಇಲ್ಲವೇ ನುಂಗುವುದನ್ನೇ ಬಿಡಿಸುತ್ತಾರೆ. ವರ್ಷಾನುಗಟ್ಟಲೆ ನುಂಗಿದವರಿಗೆ ಮೂಳೆ ತೆಳುವಾಗುವುದುಂಟು, ಭುಜ ಬಿಗಿದುಕೊಳ್ಳುವುದೂ ಉಂಟು. ಮೈಮೇಲೆ ದದ್ದು ಎದ್ದರೆ, ಬಾಯಲ್ಲಿ ಹುಣ್ಣಾದರೆ ಅಂದೇ ಆಸ್ಪತ್ರೆಗೆ ಓಡಬೇಕು.

ನನ್ನ ಕಸುಬಿನವರ ಬಗ್ಗೆಯೂ ಒಂದು ಮಾತು. ಇಷ್ಟು ಅಗ್ಗದ ಮಾತ್ರೆಯಲ್ಲಿ ಉಳಿಯುವುದು ಪುಡಿಗಾಸು, ಲೆಕ್ಕಪತ್ರದ ತಲೆನೋವು ಬೇರೆ. ಆದ್ದರಿಂದ ‘ಸ್ಟಾಕ್ ಇಲ್ಲ’ ಎಂದು ಕೈಯಾಡಿಸುವುದು ಸುಲಭ. ನಾಲ್ಕು ಅಂಗಡಿ ಸುತ್ತಿ ಬರಿಗೈಯಲ್ಲಿ ಊರ ಬಸ್ಸು ಹತ್ತಿದವರಿಗೆ ಆ ವಾಟ್ಸ್ಆ್ಯಪ್ ಸಂದೇಶದ ಅಗತ್ಯವೇ ಇಲ್ಲ, ಮಾತ್ರೆ ತಾನಾಗಿಯೇ ನಿಂತಿತು. ಮನೆಯಲ್ಲಿ ಇದನ್ನು ನುಂಗುವವರಿದ್ದರೆ, ಕೈಯಲ್ಲಿ ಇನ್ನೂ ಹತ್ತು ದಿನದ ಮಾತ್ರೆ ಇರುವಾಗಲೇ ಅಂಗಡಿಗೆ ಬನ್ನಿ. ನಮ್ಮಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಅಷ್ಟು ಸಮಯವಾದರೂ ಬೇಕು.