ದುಡ್ಡು ಕೊಟ್ಟ ಮೇಲೂ ಪುಸ್ತಕ ನನ್ನದಲ್ಲ ಅಂದ್ರೆ ಹೇಗೆ?

ನಾನೇ ಕೊಂಡ ಡಿಜಿಟಲ್ ಪುಸ್ತಕ ಬೇಕಾದ ಹೊತ್ತಿಗೆ ತೆರೆಯಲೇ ಇಲ್ಲ. ಎರಡು ದಿನವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳಲೇಬೇಕು.

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಪ್ರತಿ ಭಾನುವಾರ ಸಂಜೆ ಆರು ಜನ ನಮ್ಮ ಊಟದ ಟೇಬಲ್ ಸುತ್ತ ಸೇರುತ್ತೇವೆ. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಕಂಪ್ಯೂಟರ್ ಆಟ ಅಲ್ಲ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ಮುಂದೇನಾಗುತ್ತದೆ ಅನ್ನುವುದನ್ನು ದಾಳ ಮತ್ತು ನಿಯಮ ತೀರ್ಮಾನಿಸುತ್ತವೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗ ಒಂದು ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕ ಇದ್ದವು. ಬೋರ್ಡು, ಕಾಯಿ ಎಲ್ಲ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಪುಸ್ತಕವೇ ಆಟ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, "ಒಂದು ಪುಸ್ತಕಕ್ಕೆ ಇಷ್ಟೊಂದು ರಂಪಾನಾ" ಅಂತ ಮನೆಯಲ್ಲೇ ಕೇಳಿದರು.

ಮೂರು ತಿಂಗಳಿಂದ ಒಂದು ಕಥೆ ಕಟ್ಟಿದ್ದೆ. ಚಿತ್ರದುರ್ಗದ ಕೋಟೆ, ಏಳು ಸುತ್ತು. ಇದಕ್ಕೆಂದೇ ಎರಡು ಸಲ ದುರ್ಗಕ್ಕೆ ಬಸ್ ಹತ್ತಿದೆ. ಬಾಗಿಲು ಬಾಗಿಲು ನೋಡಿ ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಂಡು ಬಂದೆ. ಓಬವ್ವನ ಕಿಂಡಿಯ ಹತ್ತಿರ ಅರ್ಧ ಗಂಟೆ ನಿಂತಿದ್ದೆ. ಅಲ್ಲಿ ನಿಂತರೆ ಗೊತ್ತಾಗುತ್ತದೆ, ಒಬ್ಬ ಹೆಂಗಸು ಒಂದು ಒನಕೆ ಹಿಡಿದು ಹೈದರಾಲಿಯ ಸೈನಿಕರನ್ನು ಹೇಗೆ ತಡೆದಳು ಅಂತ. ಬಂಡೆಗಳ ಸಂದಿಯಲ್ಲಿ ಒಬ್ಬನೇ ನುಸುಳಬೇಕು. ತಲೆ ಮೊದಲು ಹೊರಗೆ ಬರುತ್ತದೆ. ಕೈ ಎತ್ತಲು ಜಾಗವಿಲ್ಲ.

ಮೊನ್ನೆ ಭಾನುವಾರ ಆಟ ಅಲ್ಲಿಗೆ ಬಂದು ಮುಟ್ಟಿತು. ಅಕ್ಕನ ಮಗಳು, ಪಿಯುಸಿ ಓದುವವಳು, ಒನಕೆ ಹಿಡಿದ ಪಾತ್ರ ಆಡುತ್ತಿದ್ದಳು. ಒನಕೆಗೆ ದೊಡ್ಡ ದೊಣ್ಣೆಯ ಲೆಕ್ಕ ಕೊಟ್ಟಿದ್ದೆ, ಏಟಿನ ಬಲಕ್ಕೆ ಎಂಟು ಮುಖದ ದಾಳ. ಮೊದಲ ಸೈನಿಕ ತಲೆ ಹೊರಗೆ ಹಾಕಿದ. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಅವಳು ಕೇಳಿದಳು, "ಮಾಮಾ, ಅವನು ಸಂದಿಯಲ್ಲಿ ಸಿಕ್ಕಿಕೊಂಡಿದ್ದಾನೆ. ನನಗೆ ಅಡ್ವಾಂಟೇಜ್ ಸಿಗಬೇಕಲ್ವಾ?"

ಸಿಗಬೇಕು. ಅಡ್ವಾಂಟೇಜ್ ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ತೆಗೆದುಕೊಳ್ಳುವುದು. ಇಕ್ಕಟ್ಟಿನಲ್ಲಿ ನುಸುಳುವವರಿಗೆ ಅಂತಲೇ ನಿಯಮ ಇದೆ. ಆದರೆ ಪೂರ್ತಿ ಏನು? ಎಷ್ಟು ಅಡಿ ಹೋಗಬಹುದು? ಅವನು ತಿರುಗಿ ಹೊಡೆದರೆ? ನೋಡಿ ಹೇಳುತ್ತೇನೆ ಅಂದೆ. ಲ್ಯಾಪ್‌ಟಾಪ್ ತೆರೆದೆ.

ಆಗಲೇ ಕರೆಂಟ್ ಹೋಯಿತು. ಜೊತೆಗೆ ವೈಫೈ ಕೂಡ. ಪರವಾಗಿಲ್ಲ, ಫೋನಿನಲ್ಲಿ ಆ್ಯಪ್ ಇದೆ, ಪುಸ್ತಕ ಡೌನ್‌ಲೋಡ್ ಮಾಡಿಟ್ಟಿದ್ದೆ. ತೆರೆದರೆ, ಮತ್ತೆ ಲಾಗಿನ್ ಆಗಿ ಅಂತ ಬಂತು. ಲಾಗಿನ್ ಆಗಲು ನೆಟ್ ಬೇಕು. ಮೊಬೈಲ್ ನೆಟ್ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ. ಪಾಸ್‌ವರ್ಡ್ ಹಾಕಿದೆ. ಚಕ್ರ ತಿರುಗಿತು. ಕೋಡ್ ಕಳಿಸಿದ್ದೇವೆ ಅಂದಿತು. ಕೋಡ್ ಬರುವಷ್ಟರಲ್ಲಿ ಅದರ ಸಮಯ ಮುಗಿದಿತ್ತು. ಹೀಗೆ ಇಪ್ಪತ್ತು ನಿಮಿಷ. ನನ್ನ ಮನೆಯಲ್ಲಿ, ನನ್ನ ಟೇಬಲ್ ಮುಂದೆ ಕೂತು, ನಾನೇ ದುಡ್ಡು ಕೊಟ್ಟು ಕೊಂಡ ಪುಸ್ತಕ ಓದಲು ಅಪ್ಪಣೆ ಬೇಡುತ್ತಿದ್ದೆ.

ಅಷ್ಟರಲ್ಲಿ ಒಬ್ಬ ರೀಲ್ಸ್ ನೋಡಲು ಶುರು ಮಾಡಿದ್ದ. ಇನ್ನೊಬ್ಬನಿಗೆ ಮನೆಯಿಂದ ಫೋನ್ ಬಂತು. ಒಗ್ಗರಣೆ ಮಂಡಕ್ಕಿ ಖಾಲಿಯಾಯಿತು. ಎಲ್ಲರೂ ಎದ್ದು ಹೊರಟರು. ಮೂರು ತಿಂಗಳು ಕಾದ ಗಳಿಗೆ ಹಾಳಾಯಿತು. ಆ ಹುಡುಗಿಯ ಮುಖ ನೋಡಿ ನನಗೆ ಹೊಟ್ಟೆ ಉರಿಯಿತು.

ಹಿಂದೆ ಹೀಗಿರಲಿಲ್ಲ. ಮೊದಲು ನಾವು ಆಡುತ್ತಿದ್ದದ್ದು ಒಬ್ಬ ಗೆಳೆಯನ ಪುಸ್ತಕದಿಂದ. 2014ರ ಆವೃತ್ತಿ, ಕಾಗದದ್ದು. ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು. ಯುದ್ಧದ ಅಧ್ಯಾಯಕ್ಕೆ ಹಳದಿ ಚೀಟಿ ಅಂಟಿಸಿದ್ದ. ಕೇಳಿದ ನಿಯಮ ಹತ್ತು ಸೆಕೆಂಡಿನಲ್ಲಿ ಸಿಗುತ್ತಿತ್ತು, ಕ್ಯಾಂಡಲ್ ಬೆಳಕಿನಲ್ಲೂ ಸಿಗುತ್ತಿತ್ತು. ಯಾರಿಗೆ ಬೇಕೋ ಅವರ ಕಡೆ ತಳ್ಳಿದರೆ ಆಯಿತು. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಪುಸ್ತಕವೂ ಹೋಯಿತು. ಅವನದು, ಅವನು ಒಯ್ದ. ಅದರಲ್ಲಿ ತಪ್ಪೇನಿಲ್ಲ.

ನಾನು ಕಾಗದದ್ದೇ ಕೊಳ್ಳಬೇಕು ಅಂತ ಹುಡುಕಿದೆ. ಅಮೆರಿಕದಲ್ಲಿ ಒಂದೊಂದಕ್ಕೆ 50 ಡಾಲರ್ ಹತ್ತಿರ. ಮುಖ್ಯ ಪುಸ್ತಕಗಳೇ ಮೂರು, ಒಂದೊಂದೂ 300 ಪುಟ ದಾಟುತ್ತದೆ. ಹೊರದೇಶದ ಪುಸ್ತಕಕ್ಕೆ 2019ರ ಬಜೆಟ್‌ನಲ್ಲಿ ನಮ್ಮ ಸರ್ಕಾರ 5 ಶೇಕಡಾ ಸುಂಕ ಬೇರೆ ಹಾಕಿತು. ದಾವಣಗೆರೆಯ ಯಾವ ಅಂಗಡಿಯಲ್ಲೂ ನನಗೆ ಸಿಗಲಿಲ್ಲ. ಆನ್‌ಲೈನ್‌ನಲ್ಲಿ ಒಂದು ಕಡೆ ತರಿಸಿದೆ. ಬರೀ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಳಿಸಿದ್ದರು. ರಟ್ಟು ಮುರಿದು, ಬೆನ್ನು ಕಿತ್ತು ಬಂತು. ವಾಪಸ್ ಕಳಿಸಿದೆ. ಸಾಕಾಗಿ ಒಂದು ಸೈಟಿನಲ್ಲಿ ಡಿಜಿಟಲ್ ಪ್ರತಿ ಕೊಂಡೆ. ಎರಡು ಪುಸ್ತಕಕ್ಕೆ ಐದು ಸಾವಿರ ಆಯಿತು. ನನಗೆ ಇದು ಸಣ್ಣ ದುಡ್ಡಲ್ಲ.

ಕೊಂಡ ಮೇಲೆ ಗೊತ್ತಾಯಿತು, ಪಿಡಿಎಫ್ ಕೊಡುವುದಿಲ್ಲ. ಆ ಸೈಟಿನ ಒಳಗೇ ಓದಬೇಕು. ಜೊತೆಯವರಿಗೆ ಓದಲು ಕೊಡಬೇಕಾದರೆ ಚಂದಾ ಬೇರೆ ಕಟ್ಟಬೇಕು. ನಾಳೆ ಸೈಟ್ ಮುಚ್ಚಿದರೆ? ಇಮೇಲ್ ಕಳಿಸಿ ಕೇಳಿದೆ. ನೀವು ಕೊಂಡಿರುವುದು ಓದುವ ಪರವಾನಗಿ ಮಾತ್ರ ಅಂತ ಉತ್ತರ ಬಂತು. ಹಾಗಾದರೆ ಬಟನ್ ಮೇಲೆ "ಕೊಂಡುಕೊಳ್ಳಿ" ಅಂತ ಯಾಕೆ ಬರೆದಿರಿ? "ಬಾಡಿಗೆಗೆ" ಅಂತ ಬರೆಯಬೇಕಿತ್ತು. ಬಾಡಿಗೆ ಅಂತ ಗೊತ್ತಿದ್ದರೆ ನಾನು ಐದು ಸಾವಿರ ಕೊಡುತ್ತಲೇ ಇರಲಿಲ್ಲ.

ಸುಮ್ನೆ ಹೆದರುತ್ತಿದ್ದೀಯ ಅಂತ ಹೇಳಬೇಡಿ. ಈ ಆಟದಲ್ಲೇ ಆಗಿದೆ. 2009ರ ಏಪ್ರಿಲ್‌ನಲ್ಲಿ ಪ್ರಕಾಶಕರು ತಮ್ಮ ಪಿಡಿಎಫ್‌ಗಳ ಮಾರಾಟವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟರು. ಕಳ್ಳ ಪ್ರತಿ ಹರಡುತ್ತಿವೆ ಅನ್ನುವುದು ಕಾರಣ. ಮೊದಲೇ ದುಡ್ಡು ಕೊಟ್ಟವರಿಗೂ ಮತ್ತೆ ಡೌನ್‌ಲೋಡ್ ಮಾಡುವ ದಾರಿ ಮುಚ್ಚಿತು. ಕದ್ದವನ ಹತ್ತಿರ ಫೈಲ್ ಉಳಿಯಿತು, ಕೊಂಡವನು ಕಳೆದುಕೊಂಡ. 2024ರ ಆಗಸ್ಟ್‌ನಲ್ಲಿ ಇನ್ನೊಂದು. ಹೊಸ ಆವೃತ್ತಿ ಬರುತ್ತಿದೆ, ಆನ್‌ಲೈನ್ ಪಾತ್ರಗಳ ಹಾಳೆಯಲ್ಲಿ ಹಳೆಯ ಮಂತ್ರಗಳ ಜಾಗಕ್ಕೆ ಹೊಸವು ಬರುತ್ತವೆ ಅಂದರು. ಆಟಗಾರರು ತಿರುಗಿಬಿದ್ದ ಮೇಲೆ ಹಿಂದೆ ಸರಿದರು. ಗಲಾಟೆ ಮಾಡಿದ್ದಕ್ಕೆ ಉಳಿಯಿತು. ನನ್ನ ಗೆಳೆಯನ ಪೆನ್ಸಿಲ್ ಗುರುತಿನ ಪುಸ್ತಕದೊಳಗೆ ರಾತ್ರೋರಾತ್ರಿ ಯಾರಾದರೂ ಬಂದು ಸಾಲು ಬದಲಾಯಿಸಲು ಆಗುತ್ತದಾ?

ನಾನು ಡಿಜಿಟಲ್ ವಿರೋಧಿ ಅಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಹುಡುಗನಿಗೆ ದೃಷ್ಟಿ ಕಡಿಮೆ. ಅವನಿಗೆ ಅಕ್ಷರ ದೊಡ್ಡದು ಮಾಡಿಕೊಳ್ಳಲು ಫೋನೇ ಬೇಕು. ಆಟದ ಹಿಂದಿನ ದಿನ ತಯಾರಿ ಮಾಡಿಕೊಳ್ಳುವಾಗ ಒಂದು ಪದ ಹಾಕಿ ಹುಡುಕಿದರೆ ತಕ್ಷಣ ಸಿಗುತ್ತದೆ, ಅದು ದೊಡ್ಡ ಅನುಕೂಲ. ನನ್ನ ಸಿಟ್ಟು ಬೀಗದ ಮೇಲೆ. ಕಾಗದ ಕೊಂಡವರಿಗೆ ಫೈಲ್ ಇಲ್ಲ, ಫೈಲ್ ಬೇಕಾದರೆ ಮತ್ತೆ ದುಡ್ಡು. ಹೀಗೇ ಇರಬೇಕು ಅಂತ ಏನೂ ಇಲ್ಲ. ಬಿಟ್ಸ್ ಅಂಡ್ ಮಾರ್ಟರ್ ಅನ್ನುವ ಯೋಜನೆಯಲ್ಲಿ ಎಷ್ಟೋ ಸಣ್ಣ ಪ್ರಕಾಶಕರು, ಅಂಗಡಿಯಲ್ಲಿ ಪುಸ್ತಕ ಕೊಂಡವರಿಗೆ ಪಿಡಿಎಫ್ ಉಚಿತವಾಗಿ ಕೊಡುತ್ತಾರೆ. ಪಾತ್‌ಫೈಂಡರ್ ಅನ್ನುವ ಇದೇ ಬಗೆಯ ಇನ್ನೊಂದು ಆಟದ ನಿಯಮಗಳು ಆರ್ಕೈವ್ಸ್ ಆಫ್ ನೆಥಿಸ್ ಅನ್ನುವ ಸೈಟಿನಲ್ಲಿ ಯಾರು ಬೇಕಾದರೂ ಓದುವಂತೆ ಬಿಚ್ಚಿಟ್ಟಿವೆ. ಆ ಆಟವೇನು ಮುಳುಗಿ ಹೋಗಿಲ್ಲ.

ಇನ್ನೂ ಹೊಟ್ಟೆ ಉರಿಯುವ ಮಾತು ಇದು. ಆವತ್ತು ರಾತ್ರಿ ಕರೆಂಟ್ ಬಂದ ಮೇಲೆ ಹುಡುಕಿದೆ. ಅದೇ ನಿಯಮ ಉಚಿತ ಪಿಡಿಎಫ್‌ನಲ್ಲೂ ಇದೆ! 2023ರ ಜನವರಿಯಲ್ಲಿ ಬೇರೆಯವರು ಈ ನಿಯಮ ಬಳಸುವ ಲೈಸೆನ್ಸ್ ಬದಲಾಯಿಸುವ ವಿಷಯಕ್ಕೆ ದೊಡ್ಡ ಜಗಳವಾಗಿ, ಪ್ರಕಾಶಕರು ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಲೈಸೆನ್ಸ್ ಅಡಿಯಲ್ಲಿ ಬಿಟ್ಟರು. ಸುಮಾರು 400 ಪುಟ. ಚಿತ್ರವಿಲ್ಲ, ಬಿಳಿ ಹಾಳೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಬಹುದು, ಹಂಚಬಹುದು. ಒಂದು ಪೈಸೆ ಕೊಡದ ಪುಸ್ತಕ ಪೂರ್ತಿ ನನ್ನದು. ಐದು ಸಾವಿರ ಕೊಟ್ಟದ್ದು ನನ್ನದಲ್ಲ. ಇದು ಯಾವ ಸೀಮೆ ನ್ಯಾಯ?

ಸೋಮವಾರ ಬೆಳಿಗ್ಗೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ದೆ. ಎರಡೂ ಬದಿ ಪ್ರಿಂಟ್, ಸ್ಪೈರಲ್ ಬೈಂಡಿಂಗ್. ಅಂಗಡಿಯಲ್ಲೇ ನಿಂತು ಆ ಪುಟ ತೆಗೆದು ಓದಿದೆ. ನುಸುಳುವವನಿಗೆ ಒಂದು ಅಡಿ ಮುಂದೆ ಹೋಗಲು ಎರಡು ಅಡಿಯ ನಡಿಗೆ ಖರ್ಚಾಗುತ್ತದೆ. ಅವನು ಹೊಡೆದರೆ ಎರಡು ದಾಳ ಹಾಕಿ ಚಿಕ್ಕದನ್ನು ತೆಗೆದುಕೊಳ್ಳಬೇಕು. ಅವನನ್ನು ಹೊಡೆಯುವವರು ಎರಡು ದಾಳ ಹಾಕಿ ದೊಡ್ಡದನ್ನು. ನಮ್ಮ ಹುಡುಗಿ ಕೇಳಿದ್ದೇ ಸರಿ. ಕಿಂಡಿಯ ಹತ್ತಿರ ನಿಂತವಳ ಕೈ ಮೇಲು ಅಂತ ನಿಯಮದಲ್ಲೇ ಇತ್ತು.

ಆದರೆ ಈ ಉಚಿತ ದಾಖಲೆಯಲ್ಲಿ ಎಲ್ಲ ಇಲ್ಲ. ಯೋಧ, ಮಾಂತ್ರಿಕ ಹೀಗೆ ಹನ್ನೆರಡು ವರ್ಗದ ಪಾತ್ರಗಳಿಗೂ ಒಂದೊಂದೇ ಉಪವರ್ಗ ಕೊಟ್ಟಿದ್ದಾರೆ. ನಮ್ಮ ಗುಂಪಿನ ಮೂವರ ಪಾತ್ರ ಅದರಲ್ಲಿ ಇಲ್ಲ, ಬೀಗದ ಒಳಗೇ ಇದೆ. ಅದಕ್ಕೇ ಆ ಸೈಟಿಗೆ ಮತ್ತೆ ಬರೆದಿದ್ದೇನೆ. ಪಿಡಿಎಫ್ ಕೊಡಿ, ಇಲ್ಲದಿದ್ದರೆ ನನ್ನ ದುಡ್ಡು ವಾಪಸ್ ಕೊಡಿ ಅಂತ. ಇವತ್ತಿನ ತನಕ ಉತ್ತರ ಇಲ್ಲ. ಮೂರನೆಯ ಪುಸ್ತಕ ಇನ್ನೂ ಕೊಂಡಿಲ್ಲ. ಆರು ಜನ ಸೇರಿ ದುಡ್ಡು ಹಾಕಿ ಕಾಗದದ್ದೇ ತರಿಸುವುದು ಅಂತ ತೀರ್ಮಾನ ಆಗಿದೆ, ಎಷ್ಟು ತಿಂಗಳಾದರೂ ಆಗಲಿ.

ಬರುವ ಭಾನುವಾರ ಕಿಂಡಿಯಿಂದಲೇ ಶುರು. ಸೈನಿಕನ ತಲೆ ಇನ್ನೂ ಹೊರಗೇ ಇದೆ.